ಅಜ್ಜಿಯ ತವರಿನ ಕಾಲುದಾರಿ

ಕಳೆದ ವರ್ಷ ನಾವು ಕೆಲವು ಮಿತ್ರರು ಕೊಡಚಾದ್ರಿಗೆ ಹೋಗಿದ್ದೆವು. 1,343 ಮೀಟರು ಎತ್ತರದ ಆ ಬೆಟ್ಟವನ್ನು ಹತ್ತಿ ಇಳಿದ ಮೇಲೆ ಕಾಲಿಗೆ ನೋವೂ ತಲೆಗೆ ಜಂಬವೂ ಒಟ್ಟಿಗೇ ಏರಿದುವು. ರಜೆಗೆ ಊರಿಗೆ ಹೋದವನು ಅಜ್ಜಿಯ ಮುಂದೆ ಕುಳಿತು ಬೂಟು, ಬೆನ್ನಚೀಲ, ನೀರಿನ ಬಾಟಲಿ ಇವುಗಳ ವರ್ಣನೆಯೊಡನೆ ನನ್ನ ಸಾಹಸವನ್ನು ವಿಸ್ತಾರವಾಗಿ ಬಣ್ಣಿಸಿದೆ. ಅಜ್ಜಿ ಅಡಕೆ ಕತ್ತರಿಸುತ್ತ ಎಲ್ಲವನ್ನೂ ಕೇಳಿ, "ಅದಕ್ಕೆ ಏನೋ ಅಂದೆಯಲ್ಲ, ಏನದು?" ಎಂದರು.

"ಟ್ರೆಕ್ಕಿಂಗ್, ಅಜ್ಜಿ."

"ನಾವು ಅದಕ್ಕೆ ನೆಂಟರ ಮನೆಗೆ ಹೋಗೋದು ಅಂತಿದ್ವು."

ನನ್ನ ಜಂಬ ಅಲ್ಲಿಗೆ ಇಳಿಯಿತು. ಅಜ್ಜಿಯ ಮಾತಿನಲ್ಲಿ ಹಾಸ್ಯವಿತ್ತು. ಆದರೆ ಹಾಸ್ಯದ ಹಿಂದೆ ಬೇರೊಂದು ಸಂಗತಿಯೂ ಇತ್ತು. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನಮ್ಮೂರು ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ತುಂಗೆಯ ಮಗ್ಗುಲಲ್ಲಿ. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿಯನ್ನು ಹಾದು ಬರುವ ಈ ನದಿ ಕೂಡಲಿಯಲ್ಲಿ ಭದ್ರೆಯನ್ನು ಸೇರುವವರೆಗೆ ಹರಿಯುವ ದೂರ ಸುಮಾರು 147 ಕಿಲೋಮೀಟರು ಮಾತ್ರ. ಆದರೆ ಅದಕ್ಕೆ ಬಂದು ಸೇರುವ ಹಳ್ಳಗಳಿಗೆ ಲೆಕ್ಕವಿಲ್ಲ. ಎರಡು ಗುಡ್ಡಗಳ ನಡುವೆ ಒಂದೊಂದು ಹಳ್ಳ; ಹಳ್ಳದ ಇಕ್ಕೆಲದಲ್ಲಿ ಗದ್ದೆಯ ಕೋಗು; ಅದರ ಮೇಲೆ ಅಡಕೆಯ ತೋಟ, ಒಂದು ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆಗೆ ಕಾನು. ಬಯಲುಸೀಮೆಯ ಹಳ್ಳಿಯಂತೆ ಇಲ್ಲಿ ಮನೆಗಳು ಗುಂಪಾಗಿರುವುದಿಲ್ಲ, ಬೀದಿಯೂ ಇರುವುದಿಲ್ಲ. ಮನೆಯಿಂದ ಮನೆಗೆ ಹೋಗುವ ಕಾಲುದಾರಿಯೇ ನಮ್ಮ ಬೀದಿ.

ಅಜ್ಜಿಯ ತವರು ಕಾನಿನಾಚೆಯ ಕಣಿವೆಯಲ್ಲಿದೆ. ಬಸ್ಸಿನಲ್ಲಿ ಹೋಗುವುದಾದರೆ ತೀರ್ಥಹಳ್ಳಿಗೆ ಹೋಗಿ, ಇನ್ನೊಂದು ಬಸ್ಸು ಹಿಡಿದು, ಅರ್ಧ ದಿನ ಸುತ್ತಬೇಕು. ಕಾಲುದಾರಿಯಲ್ಲಿ ಎರಡು ಹರದಾರಿ, ಎಂದರೆ ಸುಮಾರು 10 ಕಿಲೋಮೀಟರು. ಮದುವೆಯಾಗಿ ಅಜ್ಜಿ ನಮ್ಮ ಮನೆಗೆ ಬಂದದ್ದು ಆ ದಾರಿಯಲ್ಲಿ. ಬಾಣಂತನಕ್ಕೆ ಹೋದದ್ದು ಆ ದಾರಿಯಲ್ಲಿ. ತಂದೆ ತೀರಿಕೊಂಡರೆಂದು ರಾತ್ರಿ ದೊಂದಿ ಹಿಡಿದು ಓಡಿದ್ದೂ ಆ ದಾರಿಯಲ್ಲಿಯೇ. ನಾನು ಮಾತ್ರ ಆ ಮನೆಯನ್ನು ನೋಡಿರಲಿಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದಾದ ಮೇಲೆ, ನಮ್ಮ ದೊಡ್ಡಪ್ಪ ಅಜ್ಜಿಯ ಪಾಲಿನ ಮಾತೆತ್ತಿದರು. ಕಾನೂನು ನ್ಯಾಯವಾದದ್ದೇ. ಆದರೆ ದೊಡ್ಡಪ್ಪ ಆ ಮಾತನ್ನು ಆಡಿದ್ದು ಒಂದು ಮದುವೆಯ ಮನೆಯಲ್ಲಿ, ಹತ್ತು ಜನರ ಮುಂದೆ. ಅಜ್ಜಿಯ ತಮ್ಮ ಊಟದ ಎಲೆಯ ಮುಂದಿನಿಂದ ಎದ್ದುಹೋದರಂತೆ. ನಾನು ಹುಟ್ಟಿದ್ದು ಆ ಕಾಲಕ್ಕೆ. ಅಂದಿನಿಂದ ಆ ಮನೆಯವರು ಇಲ್ಲಿಗಿಲ್ಲ, ಈ ಮನೆಯವರು ಅಲ್ಲಿಗಿಲ್ಲ.

ಡಿಸೆಂಬರಿನಲ್ಲಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಮುಗಿದ ಮೂರನೆಯ ದಿನ, "ಅಜ್ಜಿ, ನಾನು ಆ ದಾರಿಯಲ್ಲಿ ಹೋಗಿಬರಲೇ?" ಎಂದು ಕೇಳಿದೆ. ಅಜ್ಜಿ ಬೇಡವೆನ್ನಲಿಲ್ಲ. ದಾರಿಯ ಗುರುತುಗಳನ್ನು ಒಂದೊಂದಾಗಿ ಹೇಳಿಕೊಟ್ಟರು: ಗದ್ದೆಯ ಕೊನೆಯ ಉಣುಗೋಲು, ಕಚ್ಚು ಬಿದ್ದ ಧೂಪದ ಮರ, ಹೊರೆ ಇಳಿಸುವ ಕಲ್ಲು, ಹಳ್ಳದ ಸಂಕ. ಜಾತ್ರೆಯಿಂದ ತಂದಿದ್ದ ಬೆಂಡು ಬತ್ತಾಸಿನಲ್ಲಿ ಒಂದು ಪೊಟ್ಟಣ ಕಟ್ಟಿಕೊಟ್ಟು, "ಅವನಿಗೆ ಚಿಕ್ಕಂದಿನಲ್ಲಿ ಬತ್ತಾಸೆಂದರೆ ಪ್ರಾಣ. ಈಗ ಸಕ್ಕರೆ ಕಾಯಿಲೆ ಇದೆಯೋ ಏನೋ, ಕೇಳಿ ಕೊಡು" ಎಂದರು. ಒಡಹುಟ್ಟಿದವನ ಕಾಯಿಲೆಯೇನೆಂದು ತಿಳಿಯದ ಸಂಕಟ ಆ ಒಂದು ಮಾತಿನಲ್ಲಿ ನನಗೆ ಅರ್ಥವಾಯಿತು. ದೊಡ್ಡಮ್ಮ ಉಣುಗು ಹತ್ತದಂತೆ ಕೈಕಾಲಿಗೆಲ್ಲ ಎಣ್ಣೆ ಹಚ್ಚಿಸಿದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಮಳೆ ನಿಂತ ಮೇಲೆ ಕಾಡಿಗೆ ಹೋಗುವವರು ಎಚ್ಚರದಿಂದಿರಬೇಕು.

ಉಣುಗೋಲು ದಾಟುವವರೆಗೆ ದಾರಿ ಸರಾಗವಾಗಿತ್ತು. ಕೊಯ್ಲಾದ ಗದ್ದೆಯಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಹಕ್ಕಲಿನಲ್ಲಿ ಪಿಕಳಾರಗಳ ಗದ್ದಲ. ಧೂಪದ ಮರ ಸಿಕ್ಕಿತು. ಹಾಲುಮಡ್ಡಿಗಾಗಿ ಹಿಂದಿನವರು ಹಾಕಿದ ಕಚ್ಚುಗಳು ತೊಗಟೆಯಲ್ಲಿ ಉಬ್ಬಿಕೊಂಡಿದ್ದುವು. ಆದರೆ ಅಲ್ಲಿಂದ ಮುಂದೆ, ಅಜ್ಜಿ ಕಾನು ಎಂದಿದ್ದ ಕಡೆ, ಅಕೇಶಿಯಾ ನೆಡುತೋಪು ಎದುರಾಯಿತು. ಸಾಲಿಗೆ ಸಾಲು ಒಂದೇ ಬಗೆಯ ಮರ. ಒಂದು ಹಕ್ಕಿಯ ದನಿಯಿಲ್ಲ. ಎಲ್ಲ ಸಾಲುಗಳೂ ದಾರಿಯಂತೆಯೇ ಕಾಣುತ್ತಿದ್ದುದರಿಂದ ಯಾವುದೂ ದಾರಿಯಾಗಿರಲಿಲ್ಲ. ಅರ್ಧ ಗಂಟೆ ಸುತ್ತಿ, ಲಂಟಾನದ ಮೆಳೆಗೆ ಸಿಕ್ಕು, ಅಂಗಿ ಹರಿದುಕೊಂಡೆ. ಕೊಡಚಾದ್ರಿಯ ವೀರನಿಗೆ ಮನೆಯ ಹಿತ್ತಲ ಗುಡ್ಡದಲ್ಲಿ ದಾರಿ ತಪ್ಪಿತ್ತು!

ಹಿಂದಿರುಗೋಣವೆಂದು ಹೊರಟವನ ಕಾಲು ಒಮ್ಮೆಗೇ ತರಗೆಲೆಯಲ್ಲಿ ಮೊಣಕಾಲವರೆಗೆ ಹೂತಿತು. ಎಲೆ ಸರಿಸಿ ನೋಡಿದೆ. ಅದು ಗುಂಡಿಯಲ್ಲ, ದಾರಿ. ನೂರಾರು ವರ್ಷ ಜನ ನಡೆದು ನಡೆದು, ಮಳೆನೀರು ಕೊರೆದು ಕೊರೆದು, ನೆಲ ಓಣಿಯಂತೆ ತಗ್ಗಾಗಿತ್ತು. ಕಣ್ಣಿಗೆ ಕಾಣದ ದಾರಿ ಕಾಲಿಗೆ ಸಿಕ್ಕಿತು. ಅದರೊಳಗೇ ಹೆಜ್ಜೆಯಿಡುತ್ತ ಹೋದಂತೆ ನೆಡುತೋಪು ಮುಗಿದು ನಿಜವಾದ ಕಾನು ಮೊದಲಾಯಿತು. ಬಗನಿ, ಹೈಗ, ಮತ್ತಿ. ಮೇಲೆಲ್ಲೋ ಮಂಗಟ್ಟೆಯ ರೆಕ್ಕೆಯ ಭರ್ರೆಂಬ ಸದ್ದು. ಮಧ್ಯಾಹ್ನದಲ್ಲಿಯೂ ಮುಸ್ಸಂಜೆಯ ಬೆಳಕು. ಗುಡ್ಡದ ನೆತ್ತಿಯಲ್ಲಿ ಎದೆಯೆತ್ತರದ ಎರಡು ಕಂಬದ ಮೇಲೆ ಅಡ್ಡಲಾಗಿ ಇಟ್ಟ ಕಲ್ಲು. ತಲೆಹೊರೆಯವರು ಯಾರ ನೆರವೂ ಇಲ್ಲದೆ ಹೊರೆಯಿಳಿಸಿ ದಣಿವಾರಿಸಿಕೊಳ್ಳುವುದಕ್ಕೆ ಯಾರೋ ಪುಣ್ಯಾತ್ಮರು ನಿಲ್ಲಿಸಿದ್ದು. ನಾನೂ ನನ್ನ ಬತ್ತಾಸಿನ ಪೊಟ್ಟಣವನ್ನು ಅದರ ಮೇಲಿಟ್ಟು ನಿಂತೆ. ಆಚೆಯ ಕಣಿವೆ, ತೋಟ, ಹೆಂಚಿನ ಮನೆ ಅಲ್ಲಿಂದ ಕಂಡುವು.

ಹಳ್ಳದ ಸಂಕ ಕೊಳೆತು ಬಿದ್ದಿತ್ತು. ಮೊಣಕಾಲುದ್ದದ ನೀರು ದಾಟಿ ಅವರ ಅಂಗಳಕ್ಕೆ ಬಂದಾಗ ಅಜ್ಜನವರು ಅಡಕೆ ಹರವುತ್ತಿದ್ದರು.

"ಯಾವ ಬಸ್ಸಿಗೆ ಬಂದ್ಯೋ?" ಎಂದು, ಯಾರೆಂದು ಕೇಳುವ ಮೊದಲೇ ಕೇಳಿದರು.

"ಬಸ್ಸಲ್ಲ ಅಜ್ಜ, ಕಾನಿನ ದಾರೀಲಿ ಬಂದೆ."

ಅವರ ಕೈ ನಿಂತಿತು. ಹರಿದ ಅಂಗಿಯನ್ನು, ಒದ್ದೆಯಾದ ಕಾಲನ್ನು ನೋಡಿದರು. ಆ ದಾರಿಯ ಇನ್ನೊಂದು ತುದಿಯಲ್ಲಿರುವುದು ಒಂದೇ ಮನೆ. ಹೆಸರು ಕೇಳಲಿಲ್ಲ, ಒಳಕ್ಕೆ ತಿರುಗಿ, "ಕೈಕಾಲಿಗೆ ನೀರು ಕೊಡ್ರೇ, ಅಕ್ಕನ ಮನೆ ಹುಡುಗ ಬಂದಾನೆ" ಎಂದರು. ಆ ಮನೆಯಲ್ಲಿ ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ, ಒಳಗಿನವರೆಲ್ಲ ಬಾಗಿಲಿಗೆ ಬಂದು ನಿಂತರು.

ಸಕ್ಕರೆ ಕಾಯಿಲೆ ಇತ್ತು. ಆದರೂ ಒಂದು ಬತ್ತಾಸನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ರಾತ್ರಿ ಅಡಕೆ ಸುಲಿಯುತ್ತಿರುವಾಗ ತಾವಾಗಿಯೇ, "ದಾರಿ ಮುಚ್ಚಿದ್ದು ನಾನಲ್ಲ ಮಾರಾಯ. ನಾನು ಬೇಲಿ ಹಾಕಿಲ್ಲ ನೋಡು" ಎಂದರು.

"ಹೌದಜ್ಜ, ಯಾರೂ ಮುಚ್ಚಿಲ್ಲ. ಯಾರೂ ನಡೀಲಿಲ್ಲ, ಅಷ್ಟೇ."

ಮರುದಿನ ಬೆಳಿಗ್ಗೆ ಅವರ ಮಗ ಎರಡು ಅಡಕೆ ಮರದ ದಿಮ್ಮಿಗಳನ್ನು ಹಳ್ಳಕ್ಕೆ ಅಡ್ಡ ಹಾಕಿದರು. ಅಜ್ಜ ಕತ್ತಿ ಹಿಡಿದು, ಮುಳ್ಳು ಸವರುತ್ತ, ನಿಂತು ಉಸಿರೆಳೆದುಕೊಳ್ಳುತ್ತ, ಹೊರೆಯ ಕಲ್ಲಿನವರೆಗೂ ನನ್ನೊಡನೆ ಬಂದರು. "ಇಲ್ಲಿಂದಾಚೆ ನಿಮ್ಮದು. ನೀವು ಸವರಿಕೊಳ್ಳಿ" ಎಂದು ಹಿಂದಿರುಗಿದರು.

ಮನೆಯಲ್ಲಿ ಅಜ್ಜಿ ಕೇಳಿದ ಮೊದಲ ಪ್ರಶ್ನೆ: "ಸಂಕ ಇದೆಯಾ?" ಇದೆಯೆಂದೆ. ಅಜ್ಜ ಹೇಳಿದ ಮಾತನ್ನು ಎಲ್ಲರ ಮುಂದೆಯೂ ಹೇಳಿದೆ. ದೊಡ್ಡಪ್ಪ ಏನೂ ಮಾತಾಡದೆ ಎದ್ದುಹೋದರು. ಮರುದಿನ ನಸುಕಿನಲ್ಲಿ ಎಚ್ಚರವಾದಾಗ ಅಂಗಳದಲ್ಲಿ ಕತ್ತಿ ಮಸೆಯುವ ಸಪ್ಪಳ ಕೇಳುತ್ತಿತ್ತು. ಆ ದಿನವೂ ಮಾರನೆಯ ದಿನವೂ ನಾವಿಬ್ಬರೂ ಕಲ್ಲಿನವರೆಗೆ ದಾರಿ ಸವರಿದೆವು. ನೆಡುತೋಪಿನಲ್ಲಿ ಮರಮರಕ್ಕೂ ಸುಣ್ಣದ ಬೊಟ್ಟಿಟ್ಟೆವು.

ಪಾಲಿನ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ಅಜ್ಜಿಯ ಮಂಡಿ ಆ ಗುಡ್ಡವನ್ನು ಹತ್ತುವುದೂ ಇಲ್ಲ. ಸಂಕ್ರಾಂತಿಗೆ ಅವರು ತವರಿಗೆ ಹೋದದ್ದು ಎರಡು ಬಸ್ಸು ಬದಲಿಸಿಯೇ. ಆದರೆ ಅಲ್ಲಿಗೆ ಹೋದವರು ತಮ್ಮನ ಕೈ ಹಿಡಿದು ಹಳ್ಳದವರೆಗೆ ನಡೆದು, ಹೊಸ ಸಂಕದ ಮೇಲೆ ಒಂದು ಕಾಲಿಟ್ಟು ನೋಡಿ ಬಂದರಂತೆ.

ಮಳೆಗಾಲ ಬಂದರೆ ಮುಳ್ಳು ಮತ್ತೆ ಬೆಳೆಯುತ್ತದೆ. ಒಂದು ಸಲ ಸವರಿದರೆ ಸಾಲದು, ಹೋಗುತ್ತಿರಬೇಕು, ಬರುತ್ತಿರಬೇಕು. ಮುಂದಿನ ರಜೆಗೆ ಯಾವ ಬೆಟ್ಟಕ್ಕೆ ಹೋಗುವೆಯೆಂದು ಮಿತ್ರರು ಕೇಳುತ್ತಿದ್ದಾರೆ. ನೆಂಟರ ಮನೆಗೆ ಹೋಗುತ್ತೇನೆಂದು ಹೇಳಿದ್ದೇನೆ.