ಹೆಮ್ಮಾಡಿಯಲ್ಲಿ ಮೈನಸ್ ನಲವತ್ತು ಡಿಗ್ರಿ

ಈ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಮದುವೆಗೆಂದು ಊರಿಗೆ ಹೋದಾಗ ಆದ ಫಜೀತಿಯನ್ನು ಬರೆಯದಿದ್ದರೆ ಸಮಾಧಾನವಿಲ್ಲ, ಅದಕ್ಕೇ ಬಂದೆ.

ನಮ್ಮನೆ ಇರುವುದು ಕುಂದಾಪುರದಿಂದ ಬೈಂದೂರಿಗೆ ಹೋಗುವ ದಾರಿಯಲ್ಲಿ, ಹೆಮ್ಮಾಡಿ ಹತ್ತಿರ. ಅಂಗಳದಲ್ಲಿ 2006ರ ಮಾರುತಿ 800 ಇದೆ. 796 ಸಿಸಿ, ಮೂರು ಸಿಲಿಂಡರು. ಎರಡು ಮಳೆಗಾಲದ ಹಿಂದೆ ನೀರು ನುಗ್ಗಿ ಅದರ ಇಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಸತ್ತುಹೋಯ್ತು. 800ರ ತಯಾರಿಕೆ ನಿಂತಿದ್ದೇ 2014ರಲ್ಲಿ. ಹಳೇದೊಂದು ಹುಡುಕಿ ಸುಸ್ತಾದ ಅಪ್ಪಯ್ಯ ಗುಜರಿಯ ಮಾತೆತ್ತಿದರು. "ಬ್ಯಾಡ, ಕಂಪ್ಯೂಟ್ರ್ ನಾನೇ ಮಾಡ್ತೆ" ಅಂದೆ. "ಮಾಡ್. ದಾರಿ ಮೇಲ್ ಒಂದ್ಸಲ ಕೈ ಕೊಟ್ರೆ ಗುಜರಿಯೇ" ಅಂದರು.

ಈ ಹುಚ್ಚು ನನ್ನೊಬ್ಬನದ್ದಲ್ಲ. ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೋ 2001ರ ಸುಮಾರಿಗೆ ಮೆಗಾಸ್ಕ್ವರ್ಟ್ ಎಂಬ ಕಿಟ್ ಹೊರತಂದಾಗಿನಿಂದಲೂ ಜನ ಮನೆಯಲ್ಲೇ ಇಸಿಯು ಕಟ್ಟುತ್ತಿದ್ದಾರೆ. ನಾನು ಬಳಸಿದ್ದು ಆಸ್ಟ್ರೇಲಿಯಾದ ಜಾಶ್ ಸ್ಟೀವರ್ಟ್ ಶುರುಮಾಡಿದ ಸ್ಪೀಡುಯಿನೋ. ಆರ್ಡುಯಿನೋ ಮೆಗಾ 2560 ಬೋರ್ಡು, ಅದರ ಮೇಲೊಂದು ಸರ್ಕ್ಯೂಟು, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಫರ್ಮ್‌ವೇರು. ಇಂಜಿನ್ ಎಷ್ಟು ತಿರುಗುತ್ತಿದೆ, ಎಷ್ಟು ಬಿಸಿಯಾಗಿದೆ ಎಂದು ಸೆನ್ಸರುಗಳಿಂದ ತಿಳಿದು, ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂದು ಅದು ಲೆಕ್ಕ ಹಾಕುತ್ತೆ.

ಒಂದು ವರ್ಷ ಚೆನ್ನಾಗಿಯೇ ಓಡಿತು. ಚೆನ್ನಾಗಿ ಓಡುವುದನ್ನು ಸುಮ್ಮನೆ ಬಿಟ್ಟರೆ ನಾನು ಸಾಫ್ಟ್‌ವೇರ್ ಇಂಜಿನಿಯರ್ ಹೇಗಾದೇನು? :) ಬ್ರಹ್ಮಾವರದಲ್ಲಿ ಮದುವೆ, ಅದರ ಹಿಂದಿನ ಸಂಜೆ ಹೊಸ ಫರ್ಮ್‌ವೇರ್ ಹಾಕಿದೆ.

ಲ್ಯಾಪ್‌ಟಾಪಿನ ಟ್ಯೂನರ್‌ಸ್ಟುಡಿಯೋ, ಬೋರ್ಡಿನ ಗುರುತು ಹೊಂದುತ್ತಿಲ್ಲ ಎಂದಿತು. ಹೊಸ ಫರ್ಮ್‌ವೇರಿಗೆ ಹೊಸ ಐಎನ್‌ಐ ಫೈಲು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗಾಬರಿಯಲ್ಲಿ ಹಳೇ ಫರ್ಮ್‌ವೇರನ್ನೇ ವಾಪಸ್ ಹಾಕಿದೆ. ಆದರೆ ಹೊಸತು ಅಷ್ಟರಲ್ಲೇ ಸೆಟ್ಟಿಂಗುಗಳನ್ನು ತನ್ನ ಕ್ರಮಕ್ಕೆ ಬದಲಿಸಿಕೊಂಡಿತ್ತು, ಹಳೇದಕ್ಕೆ ಅದು ಓದಲು ಬಾರದು. ಅಂಕಿಗಳೆಲ್ಲ ಅಡ್ಡಾದಿಡ್ಡಿ. ಕೊನೆಗೆ ಮೆಮೊರಿಗೆಲ್ಲ ಸೊನ್ನೆ ಬರೆದು ಅಳಿಸಿ, ಹೊಸ ಫರ್ಮ್‌ವೇರು, ಹೊಸ ಐಎನ್‌ಐ ಹಾಕಿ, ಮೊದಲೇ ಉಳಿಸಿಟ್ಟಿದ್ದ ಟ್ಯೂನ್ ಫೈಲನ್ನು ತುಂಬಿದೆ. ಬ್ಯಾಕಪ್ ಇತ್ತಲ್ಲ ಅನ್ನೋ ಹೆಮ್ಮೆ ಬೇರೆ.

ಚಾವಿ ತಿರುಗಿಸಿದೆ. ಪಂಪ್ ಗುಂಯ್ ಅಂತು. ಸ್ಟಾರ್ಟರ್ ತಿರುಗಿತು. ಪರದೆಯಲ್ಲಿ ಆರ್‌ಪಿಎಂ ಬಂತು, ಅಂದ್ರೆ ಕ್ರ್ಯಾಂಕ್ ಸೆನ್ಸರ್ ಸರಿ. ಕಿಡಿಯೂ ಇದೆ. ಇಂಜಿನ್ ಮಾತ್ರ ಹತ್ತಲಿಲ್ಲ. ಒಂಬತ್ತು ಗಂಟೆ ರಾತ್ರಿವರೆಗೂ ಹತ್ತಲಿಲ್ಲ.

ಅಮ್ಮ ಬಾಗಿಲಿಗೆ ಬಂದು, "ನಾಳಿಗ್ ಬಸ್ಸಂಗೇ ಹೋಪ" ಅಂದಳು. ಅಪ್ಪಯ್ಯ ಏನೂ ಹೇಳಲಿಲ್ಲ. ಟಾರ್ಚು, ಪ್ಲಗ್ ಸ್ಪ್ಯಾನರ್ ತಂದರು. ಕಾರ್ಬುರೇಟರ್ ಕಾಲದಿಂದ ಗ್ಯಾರೇಜಿನಲ್ಲಿ ದುಡಿದ ಕೈ ಅದು. ಪ್ಲಗ್ ಬಿಚ್ಚಿ ಮೂಗಿನ ಹತ್ತಿರ ಹಿಡಿದರು.

"ಪೆಟ್ರೋಲ್ ಕುಡ್ದ್ ಕೂಕಂಡಿತ್. ಚೋಕ್ ಎಳ್ದ್ ಬಿಟ್ಟಾಂಗ್ ಆಯ್ತ್. ನಿನ್ ಕಂಪ್ಯೂಟ್ರಿಗ್ ಇಂಜಿನ್ ತಣ್ಣಗ್ ಕಾಣ್ತಾ?"

ಆಗ ಪರದೆಯ ಮೂಲೆ ನೋಡಿದೆ. ಕೂಲೆಂಟ್ ತಾಪಮಾನ: ಮೈನಸ್ ನಲವತ್ತು. ಹೆಮ್ಮಾಡಿಯಲ್ಲಿ, ಮೇ ತಿಂಗಳಲ್ಲಿ, ಬೆವರು ಲ್ಯಾಪ್‌ಟಾಪಿನ ಮೇಲೆ ತೊಟ್ಟಿಕ್ಕುತ್ತಿದ್ದಾಗ!

ಸಂಗತಿ ಇಷ್ಟೇ. ಯಾವ ವೋಲ್ಟೇಜಿಗೆ ಎಷ್ಟು ಡಿಗ್ರಿ ಎಂಬ ಸೆನ್ಸರಿನ ಕ್ಯಾಲಿಬ್ರೇಶನ್ ಆ ಟ್ಯೂನ್ ಫೈಲಿನಲ್ಲಿ ಇರುವುದೇ ಇಲ್ಲ. ಅದು ಬೋರ್ಡಿನ ಮೆಮೊರಿಯಲ್ಲೇ ಬೇರೆಯಾಗಿ ಕೂತಿರುತ್ತೆ. ನಾನು ಅದನ್ನೂ ಅಳಿಸಿದ್ದೆ. ಪಾಪ, ಕಂಪ್ಯೂಟರು ಹಿಮದಲ್ಲಿದ್ದೇನೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತಿತ್ತು.

ಸೆನ್ಸರ್ ಕ್ಯಾಲಿಬ್ರೇಶನ್ ಮತ್ತೆ ಬರೆದೆ. ಪರದೆಯಲ್ಲಿ 31 ಡಿಗ್ರಿ. ಅಪ್ಪಯ್ಯ ಪ್ಲಗ್ಗುಗಳನ್ನು ಒರೆಸಿ ಕೂರಿಸಿ, "ಎಕ್ಸಿಲೇಟರ್ ಪೂರಾ ಒತ್ತಿ ಹಿಡ್ಕೋ, ಮತ್ ಸ್ಟಾರ್ಟ್ ಮಾಡ್" ಅಂದರು. ಅದು ಕಾರ್ಬುರೇಟರಿನ ಹಳೇ ಉಪಾಯ. ತಮಾಷೆ ಅಂದ್ರೆ ಸ್ಪೀಡುಯಿನೋದಲ್ಲೂ ಅದೇ ಇದೆ. ಸ್ಟಾರ್ಟ್ ಮಾಡುವಾಗ ಪೆಡಲ್ ಪೂರ್ತಿ ಒತ್ತಿದರೆ ಇಂಜೆಕ್ಟರ್ ನಿಲ್ಲುತ್ತೆ, ಒಳಗಿನ ಪೆಟ್ರೋಲ್ ಆರುತ್ತೆ. ಬರೆದವರಿಗೂ ಯಾರೋ ಇಂಥ ಅಪ್ಪಯ್ಯ ಹೇಳಿಕೊಟ್ಟಿರಬೇಕು. ಕೆಮ್ಮಿ ಕೆಮ್ಮಿ, ಕಪ್ಪು ಹೊಗೆ ಬಿಟ್ಟು, ಮೂರೂ ಸಿಲಿಂಡರ್ ಎದ್ದವು.

ಫರ್ಮ್‌ವೇರು ಎಲ್ಲ ಕಾರಿಗೂ ಒಂದೇ. ಈ ಕಾರಿನದ್ದು ಎಂಬುದು ಬೇರೆ ಎಲ್ಲೋ ಇರುತ್ತೆ, ಅದನ್ನು ಬ್ಯಾಕಪ್ ಮಾಡಿದ್ದೇವೆ ಎಂದು ಸುಮ್ಮನೆ ನಂಬಿರುತ್ತೇವೆ. ಆ ರಾತ್ರಿ ಪರದೆಯಲ್ಲಿ ಉಳಿದೆಲ್ಲ ನೋಡಿದ ನಾನು, ಇಂಜಿನ್ ಮೇಲೆ ಒಮ್ಮೆಯೂ ಕೈ ಇಟ್ಟಿರಲಿಲ್ಲ.

ಬೆಳಿಗ್ಗೆ ಅಮ್ಮ ರೇಷ್ಮೆ ಸೀರೆ ಉಟ್ಟು ಹಿಂದೆ ಕೂತಳು, ಬಾಯಲ್ಲಿ ಇನ್ನೂ ಬಸ್ಸಿನ ಮಾತೇ. ಅಪ್ಪಯ್ಯ ಹತ್ತುವ ಮೊದಲು ಕಿಟಕಿಯಲ್ಲಿ ಬಗ್ಗಿ ಕೇಳಿದರು:

"ಎಷ್ಟ್ ಡಿಗ್ರಿ ತೋರ್ಸ್ತ್?"

"ಇಪ್ಪತ್ತೆಂಟು."

ಬಾನೆಟ್ ಮೇಲೊಮ್ಮೆ ಅಂಗೈ ಇಟ್ಟು ನೋಡಿ, "ಹಾಂ, ಹೊರಡ್" ಅಂದರು.