ಕಾರು ಹೋದ ಮೇಲೆ

ಮನೆಗೆ ವಾಹನವೊಂದು ಬರುವಾಗ ಆರತಿ, ತೆಂಗಿನಕಾಯಿ, ನಿಂಬೆಹಣ್ಣುಗಳ ಸಂಭ್ರಮವಿರುತ್ತದೆ. ಅದು ಮನೆಯನ್ನು ಬಿಟ್ಟು ಹೋಗುವಾಗ ಯಾವ ಶಾಸ್ತ್ರವೂ ಇರುವುದಿಲ್ಲ. ಅಪಘಾತದಲ್ಲಿ ಹೋದುದಾದರಂತೂ ಒಡೆದ ಗಾಜು, ಕಾಗದಪತ್ರಗಳ ಕಟ್ಟು, ಯಾರೂ ಬಾಯಿಬಿಟ್ಟು ಕೇಳದ ಒಂದು ಪ್ರಶ್ನೆ, ಇವಿಷ್ಟೇ ಉಳಿಯುತ್ತವೆ. ತಿಪಟೂರಿನ ಒಂದು ಸಂಸಾರ ಆ ಪ್ರಶ್ನೆಯನ್ನು ಎದುರಿಸಿದ ಬಗೆ ಯಾರಿಗಾದರೂ ಪಾಠವಾಗುವಂಥದು.

ಮನೆಯ ಯಜಮಾನರು ಕಚೇರಿಯೊಂದರಲ್ಲಿ ಗುಮಾಸ್ತರು. ಬ್ಯಾಂಕಿನ ಸಾಲ ಪಡೆದು ಒಂದು ಚಿಕ್ಕ ಕಾರನ್ನು ಕೊಂಡಿದ್ದರು. ಮುದಿ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು, ಊರ ತೋಟದಿಂದ ಕಾಯಿ ತರಲು ಅದೇ ಆಧಾರ. ಒಮ್ಮೆ ಶಿವಮೊಗ್ಗದಲ್ಲಿ ನೆಂಟರ ಮದುವೆ ಮುಗಿಸಿಕೊಂಡು, ಮಗಳೊಡನೆ ರಾತ್ರಿಯೇ ಹೊರಟರು. ಅರಸೀಕೆರೆ ದಾಟುವ ವೇಳೆಗೆ ಅವರು ಎರಡು ಮೂರು ಬಾರಿ ಆಕಳಿಸಿದುದನ್ನು ಕಂಡು ಮಗಳು, "ಅಪ್ಪಾ, ಸ್ವಲ್ಪ ನಿಲ್ಲಿಸಿ ಮುಖ ತೊಳೆದುಕೊಳ್ಳಿ" ಎಂದಳು. "ಇನ್ನೇನು ಮನೆ ಬಂತಲ್ಲಮ್ಮ" ಎಂದರು ಅವರು. ಮನೆ ಬರಲಿಲ್ಲ, ರಸ್ತೆಯ ಬದಿಯ ಹುಣಸೆಮರ ಬಂತು.

ಹಿಂದೆ ಬರುತ್ತಿದ್ದ ಲಾರಿಯ ಚಾಲಕನೊಬ್ಬ ಇಳಿದು ಇಬ್ಬರನ್ನೂ ಹೊರಗೆ ತಂದ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಹುಡುಗಿಯ ಮುರಿದ ಕೈಗೆ ತನ್ನ ಟವೆಲನ್ನು ಆಸರೆಯಾಗಿ ಕಟ್ಟಿ ಕುಳಿತಿದ್ದ. ಅನಂತರ ಹೆಸರನ್ನೂ ಹೇಳದೆ ಹೊರಟುಹೋದ. ಹೀಗೆ ನೆರವಾದವರನ್ನು ಹೆಸರು ಹೇಳುವಂತೆ ಬಲವಂತಪಡಿಸಕೂಡದೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಡಿಯ ನಿಯಮಗಳೇ ರಕ್ಷಣೆ ನೀಡಿವೆ. ಆ ಪುಣ್ಯಾತ್ಮನಿಗೆ ಕಾಯಿದೆ ಗೊತ್ತಿತ್ತೋ ಇಲ್ಲವೋ, ಕರುಣೆಯಂತೂ ಗೊತ್ತಿತ್ತು.

ಮರುದಿನದಿಂದ ಮನೆಗೆ ಬಂದುಹೋಗುವವರ ಸಾಲು ಆರಂಭವಾಯಿತು. "ಕಾರು ಹೋದರೆ ಹೋಗಲಿ, ಜೀವ ಉಳಿಯಿತಲ್ಲ" ಎಂದವರು ಹಲವರು. "ಎಮ್ಮೆ ಅಡ್ಡ ಬಂತೆಂದು ಬರೆದುಬಿಡಿ; ತೂಕಡಿಕೆಯ ಮಾತೆತ್ತಿದರೆ ಕೇಸಾಗುತ್ತದೆ, ವಿಮೆಯ ಹಣವೂ ಹೋಗುತ್ತದೆ" ಎಂದು ಬುದ್ಧಿ ಹೇಳಿದವರು ಕೆಲವರು. ಯಜಮಾನರಿಗೂ ಆ ಮಾತು ಹಿತವಾಗಿಯೇ ಕೇಳಿಸಿತು. ಕಂಡವರಾರೂ ಇಲ್ಲ, ಎಮ್ಮೆ ಬಂದು ಸಾಕ್ಷಿ ಹೇಳುವುದೂ ಇಲ್ಲ.

ಅಂದು ಸಂಜೆ ವಿಮೆಯ ಅರ್ಜಿಯನ್ನು ಮುಂದಿಟ್ಟುಕೊಂಡು ಕುಳಿತರು. 'ಅಪಘಾತವಾದ ಬಗೆಯನ್ನು ವಿವರಿಸಿ' ಎಂಬ ಸಾಲಿನ ಕೆಳಗೆ ನಾಲ್ಕು ಗೆರೆಗಳಷ್ಟು ಖಾಲಿ ಜಾಗ. ಎದುರಿಗೆ ಕೈಗೆ ಬ್ಯಾಂಡೇಜು ಹಾಕಿಸಿಕೊಂಡ ಮಗಳು ಎಡಗೈಯಿಂದ ಊಟ ಮಾಡಲು ಕಲಿಯುತ್ತಿದ್ದಳು. ಅವಳು ಆ ರಾತ್ರಿಯ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಆ ಮೌನವೇ ಅವರನ್ನು ಚುಚ್ಚಿತು. ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, 'ಚಾಲಕನಾದ ನನಗೆ ನಿದ್ರೆ ಬಂದು ಕಾರು ಮರಕ್ಕೆ ಬಡಿಯಿತು' ಎಂದು ಬರೆದರು. ಪೊಲೀಸ್ ಠಾಣೆಯಲ್ಲಿಯೂ ಅದನ್ನೇ ಹೇಳಿದರು. ಮೊಕದ್ದಮೆಯಾಯಿತು, ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು.

ವಿಮೆಯ ಹಣ ಹೋಗಲಿಲ್ಲ. ಕಾಯಿದೆಯಂತೆ ಕಡ್ಡಾಯವಾದ ವಿಮೆ ಪರರಿಗಾದ ಹಾನಿಗೆ ಮಾತ್ರ. ಅದೊಂದೇ ಇದ್ದಿದ್ದರೆ ಅವರ ಕಾರಿಗೆ ಬಿಡಿಗಾಸೂ ಬರುತ್ತಿರಲಿಲ್ಲ. ಅವರು ಸ್ವಂತ ವಾಹನದ ಹಾನಿಗೂ ವಿಮೆ ಮಾಡಿಸಿದ್ದರು. ಕುಡಿದು ಓಡಿಸಿದವನಿಗೆ, ಪರವಾನಗಿಯಿಲ್ಲದವನಿಗೆ, ಸುಳ್ಳು ಬರೆದವನಿಗೆ ವಿಮೆ ಕೈಕೊಡುತ್ತದೆ. ಎಚ್ಚರ ತಪ್ಪಿದವನನ್ನು ಅದು ಸಾಮಾನ್ಯವಾಗಿ ಕೈಬಿಡುವುದಿಲ್ಲ. ಸರ್ವೇಯರು ಬಂದು ನೋಡಿದರು. ಕಾರಿನ ಘೋಷಿತ ಮೌಲ್ಯ 2,40,000 ರೂಪಾಯಿ. ದುರಸ್ತಿಗೆ ತಗಲುವ ವೆಚ್ಚ 2,10,000. ದುರಸ್ತಿಯ ವೆಚ್ಚ ಮೌಲ್ಯದ ಶೇಕಡಾ 75ನ್ನು ಮೀರಿದರೆ ವಾಹನ 'ಸಂಪೂರ್ಣ ನಷ್ಟ'ವಾದಂತೆ. ಬಂದ ಹಣದಲ್ಲಿ ಬ್ಯಾಂಕಿನ ಸಾಲ ತೀರಿ, ಮಿಕ್ಕುದು ಕೈಗೆ ಬಂತು. ಹೀಗೆ ನಾಶವಾದ ವಾಹನದ ಸಂಗತಿಯನ್ನು 14 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಿ, ನೋಂದಣಿ ಪತ್ರವನ್ನು ಒಪ್ಪಿಸಬೇಕೆಂಬ ನಿಯಮವಿದೆ. ಅದನ್ನೂ ಪಾಲಿಸಿದರು.

ಗುಜರಿಯವರು ಕಾರನ್ನು ಒಯ್ಯುವ ದಿನ ತಂದೆ ಮಗಳಿಬ್ಬರೂ ಗ್ಯಾರೇಜಿಗೆ ಹೋದರು. ಅಜ್ಜಿಯ ಕನ್ನಡಕದ ಪೆಟ್ಟಿಗೆ, ಒಂದು ಕೊಡೆ, ಒಣಗಿದ ಮದುವೆಯ ಹೂವು, ಇಷ್ಟು ಸಿಕ್ಕವು. ತಂದೆ ಬಗ್ಗಿದ ಬಾಗಿಲಿನ ಮೇಲೆ ಕೈಯಿಟ್ಟು, "ನಿನ್ನ ಮಾತು ಕೇಳಬೇಕಾಗಿತ್ತು ಮಗಳೇ" ಎಂದರು. ಅವಳು, "ನೀವು ನಿಜ ಬರೆದಿರಲ್ಲ ಅಪ್ಪಾ" ಎಂದಳು. ಅಷ್ಟೇ ಮಾತು.

ಕೆಲವು ತಿಂಗಳುಗಳ ಕಾಲ ಅವರ ಓಡಾಟವೆಲ್ಲ ಬಸ್ಸಿನಲ್ಲಿ ನಡೆಯಿತು. ಆಮೇಲೆ ಹಳೆಯ ಕಾರೊಂದು ಬಂತು. ಈಗ ರಾತ್ರಿಯ ಪಯಣದಲ್ಲಿ ಮೊದಲ ಆಕಳಿಕೆ ಬಂದೊಡನೆ ಅವರು ಕಾರನ್ನು ಬದಿಗೆ ನಿಲ್ಲಿಸುತ್ತಾರೆ. ಯಾರೂ ಹೇಳಬೇಕಾಗಿಲ್ಲ.

ವಾಹನದ ಬೆಲೆಯನ್ನು ಸರ್ವೇಯರು ಕಟ್ಟಬಲ್ಲ. ಸಾಲವನ್ನು ಬ್ಯಾಂಕು ಲೆಕ್ಕ ಹಾಕಬಲ್ಲದು. ತನ್ನ ತಪ್ಪಿನ ಲೆಕ್ಕವನ್ನು ಮಾತ್ರ ಮನುಷ್ಯ ತಾನೇ ಬರೆದು, ತಾನೇ ತೀರಿಸಬೇಕು. ಅದನ್ನು ಎಮ್ಮೆಯ ಹೆಸರಿನಲ್ಲಿ ಬರೆದವನಿಗೆ ಕಾರಿನ ಹಣ ದಕ್ಕಬಹುದು, ಪಾಠ ದಕ್ಕುವುದಿಲ್ಲ.