ನೀರು ಕದ್ದೋರು ಯಾರು ಅನ್ನೋ ಕಥೆ

ಹೇಮಾವತಿ ಎಕ್ಸ್‌ಪ್ರೆಸ್ ಕೆನಾಲ್ ವಿಚಾರ ಬರೀರಿ ಅಂತ ಸುಮಾರು ಜನ ಕೇಳ್ತಿದ್ರಿ. ಪೈಪಿಗಿಂತ ಮೊದಲು, ಅದರ ಹೆಸರಲ್ಲಿ ನಮಗೆ ಹೇಳ್ತಿರೋ ಕಥೆ ಬಗ್ಗೆ ಎರಡು ಮಾತು.

2019ರ ಲೋಕಸಭಾ ಚುನಾವಣೆ ನೆನಪಿದೆಯಲ್ಲ? ದೇವೇಗೌಡ್ರು ತುಮಕೂರಿಗೆ ಬಂದು ನಿಂತ್ರು. ಹಾಸನದೋರು ನಮ್ಮ ನೀರು ತಡೆದ್ರು ಅನ್ನೋ ಮಾತು ಊರೂರು ಸುತ್ತಿತು. ಗೌಡ್ರು ಇಲ್ಲ ಅಂದ್ರೂ ಕೇಳೋರಿರ್ಲಿಲ್ಲ. ಬಸವರಾಜು ಅವರು 13 ಸಾವಿರ ಚಿಲ್ಲರೆ ವೋಟಲ್ಲಿ ಗೆದ್ರು. ಆಗ ಕಥೆಯ ಕಳ್ಳ ಹಾಸನದೋನು. ಈಗ ಅದೇ ಕಥೆ, ಕಳ್ಳ ಮಾತ್ರ ಕುಣಿಗಲ್, ಮಾಗಡಿಯೋನು.

ಗುಬ್ಬಿ ತಾಲ್ಲೂಕಿನ ಡಿ. ರಾಂಪುರದ ಹತ್ರ, ನಾಲೆಯ 70ನೇ ಕಿ.ಮೀ.ಯಿಂದ ಕುಣಿಗಲ್ ಕಡೆಗೆ ನೇರ ಪೈಪ್ ಅಂದ್ರೆ ನಮಗೂ ಭಯವೇ. ಮಧ್ಯದ ಕೆರೆಗಳ ಗತಿ ಏನು? ನಾನೂ ಈ ಪೈಪಿಗೆ ವಿರೋಧವೇ. 2025ರ ಮೇ 31ಕ್ಕೆ ನಿಷೇಧಾಜ್ಞೆ ಇದ್ರೂ ಸುಂಕಾಪುರದಲ್ಲಿ ಅಷ್ಟು ಜನ ಸೇರಿದ್ದು ಸುಮ್ನೆ ಅಲ್ಲ.

ಆದ್ರೆ ಕುಣಿಗಲ್ ಕಡೆ ಓಡಾಡೋ ರೀಲ್ಸ್ ನೋಡಿದೀರಾ? ಅದರಲ್ಲಿ ಕಳ್ಳರು ನಾವು! ನಮ್ಮಕ್ಕನ್ನ ಕೊಟ್ಟಿರೋದು ಆ ಸೀಮೆಗೇ. ಭಾವ ಫೋನ್ ಮಾಡಿ, "ಏನಯ್ಯಾ ಬಾಮೈದ, ನಮ್ಮ ಪಾಲಿನ ನೀರು ಕುಡಿದು ತೆಂಗು ಹೆಂಗವೆ?" ಅಂದ್ರು. ತಮಾಷೆಗೇ ಅಂದಿದ್ದು, ಆದ್ರೆ ಮುಂಚೆ ಹಂಗೆ ಅಂತಿರ್ಲಿಲ್ಲ.

ಕುಣಿಗಲ್ ನಮ್ಮ ಜಿಲ್ಲೇನೇ. ಆದ್ರೆ ಲೋಕಸಭೆಗೆ ವೋಟು ಹಾಕೋದು ಬೆಂಗಳೂರು ಗ್ರಾಮಾಂತರಕ್ಕೆ. ತುಮಕೂರಲ್ಲಿ ನಿಲ್ಲೋರು ಅವರನ್ನ ಬೈದ್ರೆ ಒಂದು ವೋಟೂ ಹೋಗಲ್ಲ, ಅಲ್ಲಿ ನಿಲ್ಲೋರು ನಮ್ಮನ್ನ ಬೈದ್ರೂ ಅಷ್ಟೇ. ಕಳ್ಳ ಯಾವಾಗ್ಲೂ ಕ್ಷೇತ್ರದ ಗಡಿಯಾಚೆನೇ ಸಿಗೋದು ಯಾಕೆ ಅಂತ ಯೋಚನೆ ಮಾಡಿ. ಇದಕ್ಕೆ ಪಕ್ಷಭೇದ ಇಲ್ಲ. ಟಿವಿಯೋರಿಗೂ ಕೂಗಾಡೋರೇ ಬೇಕು, ತೂಬಿನ ಲೆಕ್ಕ ಹೇಳೋರು ಬೇಡ.

ಲೆಕ್ಕ ಅಂದ್ರೆ ಇಷ್ಟೇ ನೋಡಿ. ಕುಣಿಗಲ್ ಪಾಲು 3 ಟಿಎಂಸಿ ಅಂತಾರೆ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ದಿನಾ 300 ಕ್ಯೂಸೆಕ್ ಬಿಟ್ರೂ ಮೂರು ಟಿಎಂಸಿ ಮುಟ್ಟಕ್ಕೆ 116 ದಿನ ಬೇಕು. ಕುಣಿಗಲ್ ಗಡೀಲಿ ಎಷ್ಟು ದಿನ ಹರೀತು? 70ನೇ ಕಿ.ಮೀ.ಯಲ್ಲಿ ಎಷ್ಟಿತ್ತು, ನಡುವೆ ಇಂಗಿದ್ದೆಷ್ಟು, ಮೋಟ್ರು ಇಟ್ಟು ಎತ್ತಿದ್ದೆಷ್ಟು? ಯಾವ ಭಾಷಣದಲ್ಲೂ ನಾನು ಈ ಪ್ರಶ್ನೆ ಕೇಳಿಲ್ಲ. ಕೇಳಿದ್ರೆ ಎರಡೂ ಕಡೆ ಕಥೆ ಅರ್ಧಕ್ಕೇ ನಿಲ್ತದೆ.

ನಿಮ್ಮೂರ ತೂಬಲ್ಲಿ ಹೋದ ವರ್ಷ ನೀರು ಬಂದ ದಿನ, ನಿಂತ ದಿನ ಯಾರಾದ್ರೂ ಬರೆದಿಟ್ಟಿದ್ರೆ ಕೆಳಗೆ ಹಾಕಿ. ಕುಣಿಗಲ್ ಕಡೇದನ್ನ ಭಾವನ ಹತ್ರ ನಾನು ತರಿಸ್ತೀನಿ.